ಗುದ್ದಲಿ ಪೂಜೆಗೂ ಮುಂಚೆ: ದಾವಣಗೆರೆ, ಚಿತ್ರದುರ್ಗದಲ್ಲಿ ಮನೆ ಕಟ್ಟಿಸುವವರ ತಯಾರಿ

ಪ್ಲಾನ್ ಬರೆಸುವ ಮುಂಚೆ ಸೈಟಿನಲ್ಲಿ ಎರಡು ಗುಂಡಿ ತೋಡಿಸಿ. ಮನೆ ಕಟ್ಟಿಸಲು ಹೊರಟವರು ಮೊದಲು ಮಾತಾಡುವುದು ಎಷ್ಟು ರೂಮು, ಯಾವ ಕಡೆ ಬಾಗಿಲು ಅಂತ. ಮಣ್ಣಿನ ಮಾತು ಬರುವುದು ಜೆಸಿಬಿ ಬಂದು ಪಾಯ ತೋಡಿದ ದಿನ. ಅಷ್ಟರಲ್ಲಿ ಚದರದ (100 ಚದರಡಿಯ) ರೇಟು ಮಾತಾಗಿರುತ್ತದೆ, ಬ್ಯಾಂಕಿಗೆ ಎಸ್ಟಿಮೇಟ್ ಹೋಗಿರುತ್ತದೆ, ಮುಹೂರ್ತ ಮುಗಿದಿರುತ್ತದೆ. ಆಮೇಲೆ ನೀರು ಕುಡಿದು ಉಬ್ಬುವ ಕಪ್ಪು ಎರೆ ಮಣ್ಣೋ, ಬಂಡೆಯೋ ಸಿಕ್ಕಿದರೆ ಬರುವ ಖರ್ಚೆಲ್ಲ ಲೆಕ್ಕದ ಹೊರಗಿನದು. ಈ ಎರಡು ಜಿಲ್ಲೆಗಳಲ್ಲಿ ಮಣ್ಣು ಒಂದೇ ಬಡಾವಣೆಯೊಳಗೂ ಬದಲಾಗುತ್ತದೆ. ಪಕ್ಕದ ಮನೆಯವರು ನಾಲ್ಕಡಿಗೆ ಗಟ್ಟಿ ಸಿಕ್ಕಿತು ಅಂದ ಮಾತು ನಿಮ್ಮ ಸೈಟಿಗೆ ಲೆಕ್ಕಕ್ಕಿಲ್ಲ.

ಗುಂಡಿಯ ಮಾತು

ಸೈಟಿನ ಎದುರುಬದುರು ಮೂಲೆಗಳಲ್ಲಿ, ಮನೆ ಬರುವ ಜಾಗದ ಒಳಗೆ, 3 ಅಡಿ ಉದ್ದ 3 ಅಡಿ ಅಗಲದ ಎರಡು ಗುಂಡಿ ಸಾಕು. ಆಳ ಕನಿಷ್ಠ 6 ಅಡಿ. ಆಳಕ್ಕೆ ಇಳಿಯುವಾಗ ಒಬ್ಬರು ಮೇಲೆ ನಿಂತಿರಲೇಬೇಕು, ಎರೆ ಗುಂಡಿಯ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಪ್ರತಿ ಅಡಿಗೂ ಬಂದ ಮಣ್ಣನ್ನು ಬೇರೆ ಬೇರೆ ಗುಡ್ಡೆ ಹಾಕಿಸಿ, ಫೋಟೋ ತೆಗೆದಿಡಿ.

ದಾವಣಗೆರೆಯ ಸುತ್ತ ಭದ್ರಾ ನಾಲೆಯ ನೀರು ಹರಿದ ಗದ್ದೆಗಳೇ ಈಗ ಎಷ್ಟೋ ಕಡೆ ಬಡಾವಣೆಗಳು. ಅಲ್ಲಿ ಮೇಲೆ ಒಂದೆರಡು ಅಡಿ ತಂದು ಸುರಿದ ಕೆಂಪು ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಕಾಣುತ್ತದೆ, ನೋಡಲು ಚೆಂದ. ಅದರ ಕೆಳಗೆ ಕಪ್ಪು ಜಿಗುಟು ಶುರುವಾಗುತ್ತದೆ. ಅದನ್ನು ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಎಳೆಯಿರಿ: ಮುರಿಯದೆ ಎರಡು ಮೂರು ಇಂಚಿನ ಪಟ್ಟಿಯಂತೆ ಬಂದರೆ, ಬೆರಳಿಗೆ ಸಾಬೂನಿನಂತೆ ಜಾರಿದರೆ, ಅದು ಎರೆ. ಗುಂಡಿಯ ಗೋಡೆಯಲ್ಲಿ ಹೆಂಟೆ ಬಿಡಿಸಿದ ಕಡೆ ಉಜ್ಜಿದಂತೆ ಹೊಳಪು ಕಂಡರೆ, ಆ ಮಣ್ಣು ವರ್ಷ ವರ್ಷವೂ ಉಬ್ಬಿ ಕುಗ್ಗಿ ಒಂದರ ಮೇಲೊಂದು ಸರಿದಾಡಿದೆ ಎಂದರ್ಥ. ಇನ್ನೂ ಕೆಳಗೆ ಸುಣ್ಣದ ಹರಳು ಬೆರೆತ ಬೂದು ಮಣ್ಣು, ಆಮೇಲೆ ಗರಸು ಬರುತ್ತದೆ. ಆ ಗರಸು ಎಷ್ಟು ಅಡಿಗೆ ಸಿಕ್ಕಿತು ಎಂಬ ಒಂದು ಅಂಕಿಗಾಗಿಯೇ ಇಷ್ಟೆಲ್ಲ ತೋಡುವುದು.

ಲ್ಯಾಬಿನಲ್ಲಿ ಮಾಡುವ ಪರೀಕ್ಷೆಯೂ ಸರಳವೇ. ಒಣಗಿಸಿ ಸಣ್ಣ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಮಿ.ಲೀ. ಗೆರೆಗೆ ನಿಂತ ಮಣ್ಣು ನೀರಿನಲ್ಲಿ 17ಕ್ಕೆ ಏರಿದರೆ ಉಬ್ಬು ನೂರಕ್ಕೆ 70. ಐವತ್ತರ ಮೇಲಿದ್ದರೆ ಮಾಮೂಲಿ ಪಾಯದ ಮಾತು ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೋಗಿ. ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಮಣ್ಣು ಮತ್ತು ನೀರಿನ ಪರೀಕ್ಷೆ ಬಗ್ಗೆ ವಿಚಾರಿಸಬಹುದು.

ಎರೆ 4–5 ಅಡಿಗೆ ಮುಗಿದರೆ ಅದನ್ನು ಪೂರ್ತಿ ದಾಟಿ, ಗರಸಿನೊಳಗೆ ಒಂದಡಿ ಇಳಿದು ಫುಟಿಂಗ್ (ಕಾಲಂನ ಅಗಲ ಬುಡ) ಕೂರಿಸುವುದು ಲೇಸು. ಒಂದಡಿ ಎರೆ ಉಳಿಯಿತು, ಮೇಲೆ ಬೆಡ್ ದಪ್ಪ ಹಾಕಿದರಾಯಿತು ಎಂಬ ಮೇಸ್ತ್ರಿಯ ಸಮಾಧಾನವನ್ನು ಒಪ್ಪಬೇಡಿ. ಎರೆ 8–10 ಅಡಿ ಇಳಿದಿದ್ದರೆ ಅಂಡರ್‌ರೀಮ್ಡ್ ಪೈಲ್ ಲೆಕ್ಕ ಹಾಕಿಸಿ: ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಗುಂಡಗೆ ಅಗಲಿಸಿ ಕಾಂಕ್ರೀಟ್ ತುಂಬುತ್ತಾರೆ. ಮಳೆ ಬಿಸಿಲಿಗೆ ಮಣ್ಣು ಉಬ್ಬಿ ಇಳಿಯುವುದು ಮೇಲಿನ ಪದರದಲ್ಲಿ. ಪೈಲಿನ ಗುಂಡು ಆ ಪದರದ ಕೆಳಗೆ ಕಚ್ಚಿಕೊಂಡಿರುತ್ತದೆ. ಈ ಪದ್ಧತಿಯಲ್ಲಿ ಪ್ಲಿಂತ್ ಬೀಮಿನ (ಗೋಡೆ ಹೊರುವ ಬುಡದ ತೊಲೆಯ) ಅಡಿಯಲ್ಲಿ ಮಣ್ಣು ತಾಗದಂತೆ ಸುಮಾರು 3 ಇಂಚು ಸಂದು ಬಿಡಬೇಕು. ಆ ಸಂದಿಗೆ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಎರೆ ಬೀಮನ್ನೇ ಎತ್ತುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಆಗ ಶುರುವಾಗುವುದು.

ಚಿತ್ರದುರ್ಗದ ಕಡೆ ಕಷ್ಟ ಬೇರೆ. ಅಲ್ಲಿ ಎರಡಡಿಗೇ ಕಲ್ಲು ಸಿಗಬಹುದು. ಕಲ್ಲು ಸಿಕ್ಕಿತು, ಪಾಯ ಗಟ್ಟಿ ಅಂತ ಖುಷಿಪಡುವ ಮುಂಚೆ ಅದು ಹಾಸುಬಂಡೆಯೋ ಮಣ್ಣಿನಲ್ಲಿ ಕೂತ ಬಿಡಿಗುಂಡೋ ನೋಡಿ. ಗುಂಡಾದರೆ ಸುತ್ತ ತೋಡಿದಾಗ ಅಂಚು ದುಂಡಗೆ ಒಳಕ್ಕೆ ತಿರುಗುತ್ತದೆ, ಹಾಸು ಮುಂದುವರಿಯುತ್ತಲೇ ಹೋಗುತ್ತದೆ. ನಿಜವಾದ ತೊಂದರೆ ಸೈಟಿನ ಅರ್ಧ ಬಂಡೆ, ಅರ್ಧ ಮಣ್ಣು ಇದ್ದಾಗ. ಬಂಡೆಯ ಮೇಲಿನ ಕಾಲಂ ಒಂದು ಕೂದಲೂ ಇಳಿಯುವುದಿಲ್ಲ, ಮಣ್ಣಿನ ಮೇಲಿನದು ಸ್ವಲ್ಪವಾದರೂ ಇಳಿದೇ ಇಳಿಯುತ್ತದೆ, ನಡುವಿನ ಗೋಡೆ ಸೀಳುತ್ತದೆ. ಎಲ್ಲ ಫುಟಿಂಗುಗಳೂ ಒಂದೇ ಬಗೆಯ ತಳಕ್ಕೆ ಕೂರುವಂತೆ ಆಳ ಬದಲಿಸಿ ಡ್ರಾಯಿಂಗ್ ಮಾಡಿಸಬೇಕು. ಬಂಡೆ ಒಡೆಯಲು ಬ್ರೇಕರ್ ಗಂಟೆ ಲೆಕ್ಕದಲ್ಲಿ ಬರುತ್ತದೆ, ಆ ಖರ್ಚು ಯಾರದು ಎಂದು ಕರಾರಿನಲ್ಲೇ ಬರೆಸಿ. ಸಂಪು ಬರುವ ಜಾಗದಲ್ಲಿ ಮೂರನೆಯ ಗುಂಡಿ ತೋಡಿಸಿ, ಅಲ್ಲಿ ಬಂಡೆಯಿದ್ದರೆ ಸಂಪಿನ ಜಾಗವನ್ನು ಪ್ಲಾನಿನಲ್ಲೇ ಸರಿಸಬಹುದು.

ಟೇಪು ಹಿಡಿದು ಒಂದು ಗಂಟೆ

30×40ರ ಸೈಟು ಸರಿ ಮೂಲೆಯದ್ದಾಗಿದ್ದರೆ ಅದರ ಕರ್ಣ ನೇರ 50 ಅಡಿ ಬರಬೇಕು. 3, 4, 5ರ ಲೆಕ್ಕ ಅದು, ಮೇಸ್ತ್ರಿ ಮೂಲೆಮಟ್ಟ ಹಿಡಿಯುವುದೂ ಅದರಲ್ಲೇ. 100 ಅಡಿಯ ಟೇಪು ತೆಗೆದುಕೊಂಡು ಇಬ್ಬರು ಹೋಗಿ, ನಾಲ್ಕೂ ಕಲ್ಲುಗಳ ನಡುವೆ ನಾಲ್ಕು ಬದಿ, ಎರಡು ಕರ್ಣ ಅಳೆಯಿರಿ. ಒಂದು ಕರ್ಣ 50 ಅಡಿ 8 ಇಂಚು, ಇನ್ನೊಂದು 49 ಅಡಿ 4 ಇಂಚು ಬಂದರೆ ಸೈಟು ಓರೆಯಾಗಿದೆ. ಪತ್ರದಲ್ಲಿ 30×40 ಎಂದಿದ್ದರೂ ನೆಟ್ಟಗಿನ ಮನೆ ಅಷ್ಟಗಲ ಕೂರುವುದಿಲ್ಲ. ಕಾಲಂ ಮಾರ್ಕ್ ಮಾಡುವ ದಿನ ಇದು ಗೊತ್ತಾದರೆ ಒಂದು ಬದಿಯ ಗಲ್ಲಿ 3 ಅಡಿಯಿಂದ 2 ಅಡಿಗೆ ಇಳಿಯುತ್ತದೆ, ಮಂಜೂರಾತಿಗೆ ತಪ್ಪುತ್ತದೆ, ನೆರೆಯವರೊಡನೆ ಮನಸ್ತಾಪ ಬೇರೆ. ಮೂಲೆ ಕಲ್ಲು ಸರಿದಿರುವ ಅನುಮಾನವಿದ್ದರೆ ಬಡಾವಣೆ ನಕ್ಷೆ ಹಿಡಿದು ಸರ್ವೆಯರ್ ಕರೆಸಿ, ಅಕ್ಕಪಕ್ಕದವರನ್ನು ಎದುರಿಗೆ ನಿಲ್ಲಿಸಿಕೊಂಡೇ ಅಳೆಸಿ.

ಅದೇ ಹೊತ್ತಿನಲ್ಲಿ ಇನ್ನು ಮೂರು ಅಳತೆ ಬರೆದುಕೊಳ್ಳಿ. ರಸ್ತೆಯ ನಡುಮಧ್ಯದ ಎತ್ತರ ಸೈಟಿಗಿಂತ ಎಷ್ಟು ಮೇಲಿದೆ, ನೀರಿನ ಲೆವೆಲ್ ಪೈಪ್ ಹಿಡಿದರೆ ಸಾಕು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಆದ್ದರಿಂದ ಮನೆಯ ನೆಲ ಈಗಿನ ರಸ್ತೆಗಿಂತ ಎರಡೂವರೆ ಅಡಿಯಾದರೂ ಮೇಲಿರಲಿ. ಎರಡನೆಯದು ಒಳಚರಂಡಿ ಚೇಂಬರಿನ ಮುಚ್ಚಳ ತೆಗೆಸಿ ಪೈಪಿನ ಆಳ. 4 ಇಂಚಿನ ಪೈಪಿಗೆ 40 ಅಡಿಗೆ ಒಂದಡಿ ಇಳಿಜಾರು ಬೇಕು, ಹಿಂಬದಿಯ ಬಚ್ಚಲಿನಿಂದ ರಸ್ತೆಯ ಚೇಂಬರಿಗೆ ಆ ಇಳಿಜಾರು ಸಿಗುತ್ತದೆಯೇ ಎಂದು ಈಗಲೇ ಲೆಕ್ಕ ಹಾಕಬೇಕು. ಮೂರನೆಯದು ಮೇಲೆ ಹಾದ ವಿದ್ಯುತ್ ತಂತಿ. 11 ಸಾವಿರ ವೋಲ್ಟಿನ ಲೈನಿಗೆ ಕಟ್ಟಡದಿಂದ ಅಡ್ಡಲಾಗಿ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಕಡ್ಡಾಯ. ಗೇಟಿನ ಎದುರಿಗೇ ಕಂಬವಿದ್ದರೆ ಬೆಸ್ಕಾಂಗೆ ಸ್ಥಳಾಂತರದ ಅರ್ಜಿ ಈಗಲೇ ಹಾಕಿ. ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯವೇ. ಮನೆ ಮುಗಿದ ಮೇಲೆ ಹಾಕಿದರೆ ಗೃಹಪ್ರವೇಶದ ಫೋಟೋದಲ್ಲಿ ಕಂಬವೂ ಇರುತ್ತದೆ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಸೈಟು ಇದ್ದವರು ಗಾಳಿಯ ದಿಕ್ಕನ್ನೂ ನೋಡಿ. ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಭಟ್ಟಿಯ ಮೂಡಣ ಬದಿಯ ಮನೆಗಳಿಗೆ ಹೊಗೆ, ಹೊಟ್ಟಿನ ಬೂದಿ ಬರುತ್ತದೆ. ಮಲಗುವ ಕೋಣೆಯ ಕಿಟಕಿ ಯಾವ ಕಡೆ ಇರಬೇಕೆಂಬುದು ಆಗ ತಾನೇ ನಿರ್ಧಾರವಾಗುತ್ತದೆ.

ಕಾಗದ ಪತ್ರ

ಖಾತೆ ತೆರಿಗೆಯ ದಾಖಲೆ, ಒಡೆತನದ ದಾಖಲೆ ಕ್ರಯಪತ್ರ. ಎರಡರಲ್ಲೂ ಹೆಸರು, ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಅಕ್ಷರಕ್ಕಕ್ಷರ ಒಂದೇ ಇರಬೇಕು. ಒಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್ ಬಿಟ್ಟಿದ್ದರೂ ಬ್ಯಾಂಕು ಕಡತ ಹಿಂದಕ್ಕೆ ಕಳಿಸುತ್ತದೆ, ತಿದ್ದುಪಡಿಗೆ ವಾರಗಳೇ ಹಿಡಿಯುತ್ತವೆ. ನಗರದೊಳಗೆ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಬೇಕು. ಕೈಯಲ್ಲಿರುವುದು ಬಿ ಖಾತೆಯೋ 11-ಬಿಯೋ ಆಗಿದ್ದರೆ ಸಾಲ, ಪ್ಲಾನ್ ಮಂಜೂರಾತಿ ಎರಡಕ್ಕೂ ತೊಡಕು ಬರುತ್ತದೆ. ಮನೆಯ ಖರ್ಚಿಗೆ ಕೈ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಜಮೀನು ಯಾವಾಗ ಬಿನ್‌ಶೇತ್ಕಿ (ಕೃಷಿಯೇತರ) ಆಯಿತು, ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಇದೆಯೇ, ನಿಮ್ಮ ಸೈಟಿನ ನಂಬರು ಆ ನಕ್ಷೆಯಲ್ಲಿ ಸೈಟಾಗಿಯೇ ಇದೆಯೇ ಅಥವಾ ಪಾರ್ಕಿಗೆ ಬಿಟ್ಟ ಜಾಗವೇ, ಇವಿಷ್ಟನ್ನೂ ಕಣ್ಣಾರೆ ನೋಡಿ. ಋಣಭಾರ ಪತ್ರ 30 ವರ್ಷದ್ದು ತೆಗೆಸಿ.

ಪಿತ್ರಾರ್ಜಿತ ಜಾಗದಲ್ಲಿ ಕಟ್ಟಿಸುವವರು ಇನ್ನೊಂದು ಮಾತು ಮನೆಯೊಳಗೇ ಮುಗಿಸಿಕೊಳ್ಳಬೇಕು. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಣ್ಣತಮ್ಮಂದಿರ ನಡುವಿನ ಬಾಯಿಮಾತಿನ ಪಾಲು ಬ್ಯಾಂಕಿಗೆ ಆಗುವುದಿಲ್ಲ. ಅಕ್ಕತಂಗಿಯರ ಸಹಿಯೊಂದಿಗೆ ನೋಂದಾಯಿತ ವಿಭಾಗ ಪತ್ರ, ವಂಶವೃಕ್ಷ ಬೇಕು. ಪಾಯ ಎದ್ದ ಮೇಲೆ ಈ ಸಹಿ ಕೇಳಲು ಹೋಗುವುದು ಯಾರಿಗೂ ಹಿತವಲ್ಲ.

ಚಿತ್ರದುರ್ಗದಲ್ಲಿ ಕೋಟೆಯ ಆಸುಪಾಸಿನವರಿಗೆ ಬೇರೊಂದು ನಿಯಮವಿದೆ. ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿರಾಕ್ಷೇಪಣೆ ಬೇಕು. ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನದ ಸುತ್ತಲೂ ಇದೇ ಲೆಕ್ಕ. ಸೈಟು ಆ ದೂರದೊಳಗಿದ್ದರೆ ನಗರಸಭೆಯ ಪರವಾನಗಿಗಿಂತ ಮುಂಚೆ ಈ ಕಾಗದ.

ಕಾರ್ಮಿಕ ಕಲ್ಯಾಣ ಸೆಸ್ ಕಟ್ಟಡ ವೆಚ್ಚದ ನೂರಕ್ಕೆ 1. ಸ್ವಂತ ವಾಸದ ಮನೆ 10 ಲಕ್ಷ ರೂಪಾಯಿ ಒಳಗಿನದಾದರೆ ಹಿಂದೆ ಇರಲಿಲ್ಲ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಎಸ್ಟಿಮೇಟಿನಲ್ಲಿ ಇದನ್ನು ಸೇರಿಸಲು ಎಲ್ಲರೂ ಮರೆಯುತ್ತಾರೆ.

ಪ್ಲಾನ್ ಕಾಗದದಲ್ಲಿ, ಆಮೇಲೆ ನೆಲದಲ್ಲಿ

ಅಗಲದ ಲೆಕ್ಕವನ್ನು ನೀವೇ ಒಮ್ಮೆ ಹಾಕಿ ನೋಡಿ. 30 ಅಡಿಯಲ್ಲಿ ಎರಡು ಬದಿ 3 ಅಡಿ ಬಿಟ್ಟರೆ 24. ಹೊರಗೋಡೆ 9 ಇಂಚಿನವು ಎರಡು ಕಳೆದರೆ ಇಪ್ಪತ್ತೆರಡೂವರೆ. ನಡುಗೋಡೆ ನಾಲ್ಕೂವರೆ ಇಂಚು, ನಾಲ್ಕು ಮೈಗೆ ಅರ್ಧರ್ಧ ಇಂಚು ಪ್ಲಾಸ್ಟರ್ ಕಳೆದರೆ ಅಕ್ಕಪಕ್ಕದ ಎರಡು ಕೋಣೆಗೆ ಉಳಿಯುವುದು ತಲಾ 11 ಅಡಿ. 12 ಅಡಿ ಕೋಣೆ ಎಂದುಕೊಂಡು ಮಂಚ, ಬೀರು ಆರಿಸಿದ್ದರೆ ಬಾಗಿಲು ತೆರೆಯಲು ಜಾಗ ಇರುವುದಿಲ್ಲ. ಪ್ಲಾನಿನಲ್ಲಿ ಬರೆದ ಅಳತೆ ಪ್ಲಾಸ್ಟರ್ ಆದ ಮೇಲಿನದೋ ಮುಂಚಿನದೋ ಕೇಳಿ. ಎಷ್ಟು ಜಾಗ ಬಿಡಬೇಕೆಂಬುದು ಸೈಟಿನ ಅಳತೆ, ರಸ್ತೆಯ ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ. ಪಾಲಿಕೆಯೋ ನಗರಸಭೆಯೋ ಈಗ ಅನುಸರಿಸುವ ನಿಯಮವನ್ನೇ ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ವಾಸ್ತು ನೋಡಿಸುವವರು ಆಯವನ್ನು (ಮನೆಯ ಉದ್ದಗಲದ ಶಾಸ್ತ್ರದ ಲೆಕ್ಕವನ್ನು) ಮೊದಲೇ ಹಾಕಿಸಿ. ಮಂಜೂರಾದ ಪ್ಲಾನ್ ಹಿಡಿದುಕೊಂಡು ಶಾಸ್ತ್ರಿಗಳ ಮನೆಗೆ ಹೋದರೆ ಅವರು ಒಂಬತ್ತು ಇಂಚು ಆಚೀಚೆ ಮಾಡಿಸುತ್ತಾರೆ, ಆ ಒಂಬತ್ತು ಇಂಚಿಗೆ ಕಾಲಂ ಎಲ್ಲ ಸರಿಯುತ್ತವೆ, ಬೀಮಿನ ಲೆಕ್ಕ ತಪ್ಪುತ್ತದೆ. ಆಯದ ಅಳತೆ ಗೋಡೆಯ ಒಳಮೈಯದೋ ಹೊರಮೈಯದೋ ಎಂದು ಸ್ಪಷ್ಟವಾಗಿ ಕೇಳಿ ಅವರ ಕೈಯಲ್ಲೇ ಬರೆಸಿ, ಆ ಚೀಟಿಯನ್ನು ಇಂಜಿನಿಯರಿಗೆ ಕೊಡಿ. ಪಂಡಿತರು, ಇಂಜಿನಿಯರ್, ಮೇಸ್ತ್ರಿ ಮೂವರೂ ಒಂದೇ ಅಂಕಿಯನ್ನು ಮೂರು ರೀತಿ ಅರ್ಥ ಮಾಡಿಕೊಳ್ಳುವುದೇ ಇಲ್ಲಿನ ದೊಡ್ಡ ಗೊಂದಲ.

ಬಿಸಿಲಿನ ವಿಷಯಕ್ಕೆ ವಾಸ್ತುವೂ ಹವಾಮಾನವೂ ಇಲ್ಲಿ ಜಗಳವಾಡುವುದಿಲ್ಲ. ಪಡುವಣ ಗೋಡೆಗೆ ಮಧ್ಯಾಹ್ನದ ನಂತರದ ಬಿಸಿಲು ಬಡಿಯುತ್ತದೆ. ಮೆಟ್ಟಿಲು, ಬಚ್ಚಲು, ಸ್ಟೋರ್, ನೈರುತ್ಯಕ್ಕೆ ಮೇಲಿನ ಟ್ಯಾಂಕು ಅತ್ತ ಹೋದರೆ ಮಲಗುವ ಕೋಣೆ ಉಳಿಯುತ್ತದೆ. ಆದರೆ ಸೆಕೆಯ ಮುಖ್ಯ ದಾರಿ ತಾರಸಿ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ಆಗ ಗೋಡೆಗಿಂತ ತಾರಸಿಯೇ ಹೆಚ್ಚು ಕಾಯುವುದು. ತಾರಸಿ ಮೇಲೆ ಬಿಳಿ ಟೈಲ್ಸೋ ಬಿಳಿ ಕೋಟಿಂಗೋ ಬರುವಂತೆ ಬಜೆಟ್ಟಿನಲ್ಲೇ ಹಣ ಇಡಿ. ಚಾವಣಿ ಎತ್ತರ 10 ಅಡಿಗಿಂತ ಕಡಿಮೆ ಮಾಡಬೇಡಿ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ: ಪಡುವಣ, ನೈರುತ್ಯದ ಕಿಟಕಿಗಳ ಸಜ್ಜಾ 2 ಅಡಿ ಇರಲಿ, ಇಲ್ಲದಿದ್ದರೆ ಮಳೆಯ ಎರಚಲು ಒಳಗೆ ಬರುತ್ತದೆ.

ಪ್ಲಾನ್ ಒಂದು ಹಂತಕ್ಕೆ ಬಂದ ಮೇಲೆ, ಮಂಜೂರಾತಿಗೆ ಹಾಕುವ ಮುಂಚೆ, ಅರ್ಧ ಚೀಲ ಸುಣ್ಣದ ಪುಡಿ ಹಿಡಿದು ಸೈಟಿಗೆ ಹೋಗಿ. ಗೋಡೆಗಳನ್ನು ನೆಲದ ಮೇಲೆ ನಿಜ ಅಳತೆಯಲ್ಲಿ ಗೆರೆ ಎಳೆದು, ಬಾಗಿಲಿದ್ದ ಕಡೆ ಗೆರೆ ಬಿಟ್ಟು, ಮನೆಮಂದಿಯನ್ನೆಲ್ಲ ಒಳಗೆ ಓಡಾಡಿಸಿ. ಅಡುಗೆಮನೆಯಲ್ಲಿ ಅಮ್ಮ ಒಲೆಯ ಜಾಗದಿಂದ ಸಿಂಕಿನ ಜಾಗಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆ, ದೇವರ ಮನೆಯ ಎದುರು ಇಬ್ಬರು ಕೂತರೆ ಮೂರನೆಯವರು ದಾಟಬಹುದೇ, ಬಚ್ಚಲಿನ ಬಾಗಿಲು ಊಟದ ಮೇಜಿಗೆ ನೇರ ಕಾಣುತ್ತದೆಯೇ ಎಲ್ಲವೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಗದದಲ್ಲಿ ಗೋಡೆ ಸರಿಸಲು ರಬ್ಬರು ಸಾಕು.

ಇಂಜಿನಿಯರಿಂದ ಮಂಜೂರಾತಿ ನಕ್ಷೆಯೊಂದೇ ತೆಗೆದುಕೊಂಡು ಬರಬೇಡಿ. ಸೆಂಟರ್‌ಲೈನ್ ಡ್ರಾಯಿಂಗ್, ಫುಟಿಂಗ್ ಮತ್ತು ಕಾಲಂ ವಿವರ, ಪ್ಲಿಂತ್ ಬೀಮ್, ಮೋಲ್ಡಿನ (ತಾರಸಿ ಕಾಂಕ್ರೀಟಿನ) ಕಂಬಿ ವಿವರ, ಮೆಟ್ಟಿಲು, ಕರೆಂಟಿನ ಪೈಪ್ ಮತ್ತು ಫ್ಯಾನ್ ಬಾಕ್ಸ್ ನಕ್ಷೆ, ನಲ್ಲಿ ಮತ್ತು ಒಳಚರಂಡಿ ನಕ್ಷೆ, ಬಾಗಿಲು ಕಿಟಕಿ ಪಟ್ಟಿ, ಇಷ್ಟು ಕೈಗೆ ಬರುವ ತನಕ ರೇಟು ಕೇಳಬೇಡಿ. ಸೋಲಾರ್ ಈಗ ಹಾಕಿಸದಿದ್ದರೂ ತಾರಸಿಯಿಂದ ಮೀಟರ್ ಬೋರ್ಡಿಗೆ ಒಂದು ಖಾಲಿ ಪೈಪ್ ಮೋಲ್ಡಿಗೆ ಮುಂಚೆಯೇ ಬಿಡಿಸಿ. 3 ಕಿಲೋವ್ಯಾಟ್ ಪ್ಯಾನೆಲ್ಲಿಗೆ ನೆರಳಿಲ್ಲದ ಸುಮಾರು 300 ಚದರಡಿ ತಾರಸಿ ಬೇಕು, ನೀರಿನ ಟ್ಯಾಂಕಿನ ನೆರಳು ಅದರ ಮೇಲೆ ಬೀಳದಂತೆ ಜಾಗ ಗುರುತಿಸಿ.

ನೀರು: ಕುಡಿಯಲೂ ಕಟ್ಟಲೂ

ದಾವಣಗೆರೆಗೆ ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ಬಂದ ನೀರು, ರಾಜನಹಳ್ಳಿಯಿಂದ ತುಂಗಭದ್ರೆಯ ನೀರು. ಚಿತ್ರದುರ್ಗಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರ. ನಲ್ಲಿ ದಿನವೂ ಬರುತ್ತದೆ ಎಂದುಕೊಂಡು ಸಣ್ಣ ಸಂಪು ಕಟ್ಟಿಸಬೇಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ಐದು ಜನರಿಗೆ 675, ಎಂಟು ದಿನಕ್ಕೆ 5,400. ಒಳ ಅಳತೆ 7×7 ಅಡಿ, 5 ಅಡಿ ಆಳದ ಸಂಪಿನಲ್ಲಿ ನಾಲ್ಕೂವರೆ ಅಡಿ ನೀರು ನಿಂತರೆ ಸುಮಾರು 6,200 ಲೀಟರ್. ಸಂಪನ್ನು ಮೊದಲೇ ಕಟ್ಟಿಸಿ ಮುಗಿಸಿದರೆ ಮನೆ ಕಟ್ಟುವ ಅಷ್ಟೂ ತಿಂಗಳು ಅದೇ ಕೆಲಸದ ನೀರಿನ ತೊಟ್ಟಿಯಾಗುತ್ತದೆ, ಟ್ಯಾಂಕರ್ ಬಂದಾಗ ಡ್ರಮ್ ಹುಡುಕುವುದು ತಪ್ಪುತ್ತದೆ.

ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಲೀಟರಿಗೆ ಒಂದೂವರೆ ಮಿ.ಗ್ರಾಂ. ಮೀರಬಾರದು. ಆದರೆ ಕಾಂಕ್ರೀಟಿಗೆ ಕೆಡುಕು ಮಾಡುವುದು ಉಪ್ಪು: ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಒಳಗಿರಬೇಕು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಹೆಚ್ಚು ಉಪ್ಪಿದ್ದರೆ ಕೆಲವು ವರ್ಷಕ್ಕೇ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಮೋಲ್ಡಿನ ಅಡಿಯಿಂದ ಚಕ್ಕೆ ಉದುರುತ್ತದೆ. ಬೋರ್ ಕೊರೆಸಿದ ವಾರವೇ ಒಂದು ಲೀಟರ್ ನೀರು ಪರೀಕ್ಷೆಗೆ ಕೊಡಿ, ಕುಡಿಯಲೂ ಕಟ್ಟಲೂ ಎರಡಕ್ಕೂ ವರದಿ ಕೇಳಿ.

ಮಳೆ ನೀರಿನ ಲೆಕ್ಕ ಇಷ್ಟು: 1,000 ಚದರಡಿ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ ಎಂದಿಟ್ಟುಕೊಂಡು, ಐದನೇ ಒಂದು ಪಾಲು ಪೋಲಾಯಿತು ಎಂದರೂ 44 ಸಾವಿರ ಲೀಟರ್ ದಾಟುತ್ತದೆ. ದುರ್ಗದ ಕೋಟೆಯಲ್ಲಿ ಒಂದು ಹೊಂಡ ತುಂಬಿದ ನೀರು ಮುಂದಿನ ಹೊಂಡಕ್ಕೆ ಹರಿಯುವಂತೆ ಕಟ್ಟಿದ್ದಾರಲ್ಲ, ಆ ಬುದ್ಧಿಯನ್ನೇ ಮನೆಗೂ ತನ್ನಿ: ತಾರಸಿ ನೀರು ಜಲ್ಲಿ ಮರಳಿನ ಫಿಲ್ಟರ್ ದಾಟಿ ಸಂಪಿಗೆ, ಸಂಪು ತುಂಬಿದರೆ ಬೋರಿನ ಬಳಿಯ ಇಂಗುಗುಂಡಿಗೆ. ಎರೆ ಮಣ್ಣಿನ ಸೈಟಿನಲ್ಲಿ ಮಾತ್ರ ಇಂಗುಗುಂಡಿ ಪಾಯದ ಮಗ್ಗುಲಲ್ಲಿ ಬೇಡವೇ ಬೇಡ. ಎರೆಗೆ ನೀರುಣಿಸಿದಷ್ಟೂ ಅದು ಮನೆಯನ್ನು ಎತ್ತುತ್ತದೆ. ಅದೇ ಕಾರಣಕ್ಕೆ ಮನೆ ಸುತ್ತ 3 ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹೊರಕ್ಕೆ ಇಳಿಜಾರಾಗಿ ಬರುವಂತೆ ಎಸ್ಟಿಮೇಟಿನಲ್ಲಿ ಸೇರಿಸಿ.

ಕರಾರು

ನಮ್ಮ ಕಡೆ ರೇಟು ಚದರಕ್ಕೆ, ಅಂದರೆ 100 ಚದರಡಿಗೆ. ಜಗಳ ಬರುವುದು ರೇಟಿನಲ್ಲಲ್ಲ, ಚದರ ಎಣಿಸುವುದರಲ್ಲಿ. ಪೋರ್ಟಿಕೊ ಪೂರ್ತಿಯೋ ಅರ್ಧವೋ, ಮೆಟ್ಟಿಲಿನ ಕೋಣೆ ಎರಡು ಸಲ ಎಣಿಕೆಯೋ, ಸಜ್ಜಾ, ಸಂಪು, ಕಾಂಪೌಂಡ್, ಪ್ಯಾರಪೆಟ್, ಟ್ಯಾಂಕಿನ ಸ್ಟ್ಯಾಂಡ್ ಒಳಗೋ ಹೊರಗೋ, ಒಂದೊಂದನ್ನೂ ಛಾಪಾ ಕಾಗದದಲ್ಲಿ ಬರೆಸಿ. ಲೇಬರ್ ಕಾಂಟ್ರಾಕ್ಟಾದರೆ ಸೆಂಟ್ರಿಂಗ್ ಸಾಮಾನು, ಮಿಕ್ಸರ್, ವೈಬ್ರೇಟರ್ ಯಾರದು, ಡೀಸೆಲ್ ಯಾರದು, ಕ್ಯೂರಿಂಗ್ ನೀರು (ಕಾಂಕ್ರೀಟು ಒಣಗದಂತೆ ಉಣಿಸುವ ನೀರು) ಯಾರು ಹಾಕಬೇಕು ಎಂಬುದೂ ಬೇಕು. ಕ್ಯೂರಿಂಗ್ ಎಲ್ಲರ ಕೆಲಸ ಎಂದಾಯಿತೋ, ಯಾರ ಕೆಲಸವೂ ಅಲ್ಲ. ಹಣ ಕೆಲಸದ ಹಿಂದೆ ಹೋಗಲಿ, ಮುಂದೆ ಹೋಗದಿರಲಿ: ಪಾಯ, ಲಿಂಟಲ್, ಮೋಲ್ಡು, ಪ್ಲಾಸ್ಟರ್ ಹೀಗೆ ಹಂತ ಕಟ್ಟಿ, ಕೊನೆಯ ನೂರಕ್ಕೆ 5ರಷ್ಟನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಬರೆಸಿ.

ಸಾಮಾನಿನ ಅಂದಾಜಿಗೆ, ಕಾಲಂ ಬೀಮಿನ 1,000 ಚದರಡಿ ಮನೆಗೆ ಸುಮಾರು 400–450 ಚೀಲ ಸಿಮೆಂಟು, ಮೂರೂವರೆಯಿಂದ ನಾಲ್ಕು ಟನ್ ಕಂಬಿ ಹಿಡಿಯುತ್ತದೆ. ಎರೆಯ ಪಾಯ ಇದಕ್ಕೆ ಹೊರಗು. ಇದರಲ್ಲಿ 5 ಇಂಚಿನ ಮೋಲ್ಡೊಂದಕ್ಕೇ ಒಂದು ಒಂದೂವರೆ ಮೂರರ ಮಿಶ್ರಣದಲ್ಲಿ 95 ಚೀಲ ಸಿಮೆಂಟು, 175 ಘನ ಅಡಿ ಎಂ ಸ್ಯಾಂಡ್, 350 ಘನ ಅಡಿ ಜಲ್ಲಿ, ಬೀಮು ಬಿಟ್ಟು. ಮೋಲ್ಡು ಬಿದ್ದ ದಿನ ಮನೆ ಮುಗಿದಂತೆ ಕಾಣುತ್ತದೆ, ಆದರೆ ಹಣದ ಲೆಕ್ಕದಲ್ಲಿ ಅದು ಅರ್ಧದಾರಿ. ಬ್ಯಾಂಕು ಸಾಲವನ್ನು ಹಂತ ಮುಗಿದ ಮೇಲೆ ಬಿಡುಗಡೆ ಮಾಡುತ್ತದೆ, ಹಾಗಾಗಿ ಪ್ರತಿ ಹಂತದ ಖರ್ಚು ಮೊದಲು ನಿಮ್ಮ ಕೈಯಿಂದ ಹೋಗಬೇಕು. ಒಟ್ಟು ಅಂದಾಜಿನ ಮೇಲೆ ನೂರಕ್ಕೆ 15 ಬೇರೆ ಖಾತೆಯಲ್ಲಿಡಿ, ಅದನ್ನು ಗ್ರಾನೈಟಿಗೂ ಕಿಚನ್ನಿಗೂ ಲೆಕ್ಕ ಹಾಕಬೇಡಿ.

ತಿಂಗಳುಗಳ ಲೆಕ್ಕ

ದೀಪಾವಳಿ ಕಳೆದು ಕಾರ್ತಿಕದಲ್ಲಿ ಪಾಯ ಹಾಕಿದರೆ ಮಳೆಯ ಕಾಟ ಕಡಿಮೆ. ಎರೆಯಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಪಾಯ ತೋಡಿದರೆ ಗುಂಡಿ ಕೆರೆಯಾಗುತ್ತದೆ, ತಳ ಮೆತ್ತಗಾಗುತ್ತದೆ, ಮತ್ತೆ ಅರ್ಧ ಅಡಿ ಕೆರೆಯಬೇಕು. ನವೆಂಬರಿನಲ್ಲಿ ಶುರು ಎಂದರೆ ಗುಂಡಿ ಪರೀಕ್ಷೆ ಜೂನಿನಲ್ಲಿ, ಕಾಗದ ಪತ್ರ ಜುಲೈನಲ್ಲಿ, ಪ್ಲಾನ್ ಆಗಸ್ಟಿನಲ್ಲಿ, ಮಂಜೂರಾತಿಗೆ ಸೆಪ್ಟೆಂಬರ್ ಬಿಡಬೇಕು. ಮೋಲ್ಡು ಫೆಬ್ರವರಿಯೊಳಗೆ ಬಿದ್ದರೆ ಒಳ್ಳೆಯದು. ಮಾರ್ಚಿನಲ್ಲಿ ಜನ ಸಿಗುವುದು ಕಷ್ಟ: ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ, ಪ್ರತಿವರ್ಷ ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು, ಹಿಂದೆಯೇ ಯುಗಾದಿ. ಆ ವಾರಗಳಿಗೆ ಮೋಲ್ಡು ಇಟ್ಟುಕೊಂಡರೆ ಅರ್ಧ ಗ್ಯಾಂಗಿನಲ್ಲಿ ಕಾಂಕ್ರೀಟ್ ಎಳೆಯಬೇಕಾಗುತ್ತದೆ, ನಡುವೆ ನಿಂತ ಕಡೆ ಜಾಯಿಂಟು ಸೋರುತ್ತದೆ.

ಏಪ್ರಿಲ್‌ಗೇ ಮೋಲ್ಡು ಬಂದರೆ ಬೆಳಗ್ಗೆ 6ಕ್ಕೆ ಶುರು ಮಾಡಿ. ಬಿಸಿಲಿನಲ್ಲಿ, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ, 10 ದಿನಕ್ಕೆ ಕಡಿಮೆ ಇಲ್ಲದಂತೆ, ಸಾಧ್ಯವಾದರೆ 14 ದಿನ ನೀರು ನಿಲ್ಲಬೇಕು. 1,000 ಚದರಡಿ ಮೋಲ್ಡಿನ ಮೇಲೆ ಕಟ್ಟೆ ಕಟ್ಟಿ ಒಂದಿಂಚು ನೀರು ನಿಲ್ಲಿಸಲು ಸುಮಾರು 2,400 ಲೀಟರ್, ಆಮೇಲೆ ಬಿಸಿಲು ಹೀರುವುದನ್ನು ತುಂಬಲು ದಿನಕ್ಕೆ 700–800 ಲೀಟರ್. ಸಂಪು ಮೊದಲು ಎಂದದ್ದು ಇದಕ್ಕೇ.

ಪಾಯದ ಮುಂಚಿನ ವಾರ ಉಳಿದ ಕೆಲಸ: ಬೆಸ್ಕಾಂನಿಂದ ಕಟ್ಟಡ ಕೆಲಸದ ತಾತ್ಕಾಲಿಕ ಸಂಪರ್ಕ, ಸಿಮೆಂಟಿಗೆ ನೆಲದಿಂದ ಅರ್ಧ ಅಡಿ ಎತ್ತರಿಸಿದ ಹಲಗೆಯ ಶೆಡ್ಡು, ಕೂಲಿಯವರಿಗೆ ಶೌಚಾಲಯ, ಗೆದ್ದಲು ಔಷಧಿಯವರಿಗೆ ದಿನ ನಿಗದಿ. ಪ್ಲಿಂತಿನೊಳಗೆ ತುಂಬಲು ಗರಸು ಎಷ್ಟು ಎಂದು ಈಗಲೇ ಲೆಕ್ಕ ಹಾಕಿ: 24×30ರ ಮನೆಗೆ ಎರಡೂವರೆ ಅಡಿ ಎತ್ತರಕ್ಕೆ 1,800 ಘನ ಅಡಿ, ಬಡಿದಾಗ ಕುಸಿಯುವುದನ್ನು ಸೇರಿಸಿ 2,250. ಟ್ರಾಲಿಯ ಒಳಗೆ ಟೇಪು ಹಿಡಿದು ಉದ್ದ, ಅಗಲ, ಎತ್ತರ ಗುಣಿಸಿ, ಲೋಡು ಎಂಬ ಮಾತಿಗೆ ದುಡ್ಡು ಕೊಡಬೇಡಿ. ಪಾಯದಿಂದ ತೆಗೆದ ಎರೆಯನ್ನು ಮತ್ತೆ ಒಳಗೆ ತುಂಬಲು ಬಿಡದೆ ಅಂದೇ ಸಾಗಿಸಿ. ಗರಸು ಅರ್ಧ ಅಡಿಯ ಪದರಗಳಲ್ಲಿ ನೀರು ಹಾಕಿ ದಿಮ್ಮಸು ಬಡಿಯಬೇಕು. ಒಂದೇ ಸಲ ಸುರಿದರೆ ಟೈಲ್ಸ್ ಹಾಕಿದ ವರ್ಷಕ್ಕೆ ನೆಲ ಟೊಳ್ಳು ಸದ್ದು ಮಾಡುತ್ತದೆ.

ಮಾರ್ಕಿಂಗ್ ದಿನ ನೀವು ಅಲ್ಲಿರಬೇಕು, ಜೊತೆಗೆ ಇಂಜಿನಿಯರ್ ಕೂಡ. ದಾರ ಕಟ್ಟಿದ ಮೇಲೆ ಮನೆಯ ಎರಡು ಕರ್ಣ ಅಳೆದು ನೋಡಿ: 24×30ಕ್ಕೆ 38 ಅಡಿ 5 ಇಂಚು. ಎರಡೂ ಅರ್ಧ ಇಂಚಿನೊಳಗೆ ಹೊಂದಿಕೊಂಡರೆ ಮೇಸ್ತ್ರಿಗೆ ಗೂಟ ಬಡಿಯಲು ಹೇಳಿ. ಪ್ಲಿಂತ್ ಎತ್ತರದ ಗುರುತನ್ನು ಸೈಟಿನೊಳಗಿನ ಗೂಟಕ್ಕೆ ಹಾಕಬೇಡಿ, ಜೆಸಿಬಿಗೆ ಅದು ಕಾಣುವುದಿಲ್ಲ. ಎದುರಿನ ಕಾಂಪೌಂಡಿಗೋ ಕಲ್ಲಿನ ಕಂಬಕ್ಕೋ, ಮನೆಯವರನ್ನು ಕೇಳಿ, ಕೆಂಪು ಬಣ್ಣದಲ್ಲಿ ಗೆರೆ ಎಳೆಸಿ. ಆಮೇಲೆ ತೋಡಲು ಹೇಳಿ.